ಯಾರೋ ನೋಡುತ್ತಿದ್ದಾರೆ

"ನಿನ್ನ ಟೆಂಟಿನವರಿಗೆಲ್ಲ ನಮ್ಮನೆ ವೈಫೈ ಪಾಸ್‌ವರ್ಡ್ ಕೊಟ್ಟಿದೀಯೇನೋ, ಭಾನು?" ಉಮಾಶಂಕರ ಕಾಂಪೌಂಡಿನ ಈಚೆಯಿಂದಲೇ ಕೂಗಿದ.

ಪಕ್ಕದ ಮನೆಯ ಭಾನುಪ್ರಕಾಶ ಮಾಕಳಿದುರ್ಗದ ಬೆಟ್ಟ ಹತ್ತಲು ಬರುವವರಿಗೆ ತನ್ನ ಹೊಲದಲ್ಲಿ ಟೆಂಟು ಹಾಕಿಕೊಡುತ್ತಾನೆ. "ನಂಗೇ ಗೊತ್ತಿಲ್ಲ ಗುರು ನಿನ್ನ ಪಾಸ್‌ವರ್ಡು," ಎಂದು ನಕ್ಕ.

ಉಮಾಶಂಕರ ನಗಲಿಲ್ಲ. ಬೆಳಗಿನ ವಿಡಿಯೋ ಮೀಟಿಂಗಿನಲ್ಲಿ ನೆಟ್ ಸಾಲದೆ ಅವನ ಮುಖ ಮತ್ತೆ ಪರದೆಯ ಮೇಲೆ ಬಾಯಿ ತೆರೆದುಕೊಂಡೇ ನಿಂತುಬಿಟ್ಟಿತ್ತು. ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಕಂಪನಿಯವರು ಮನೆಯಿಂದ ಕೆಲಸ ಮಾಡಲು ಬಿಟ್ಟಿದ್ದೇ ಕನಿಕರಕ್ಕೆ. ಆ ಕನಿಕರವೂ ಈಗ ಮುಗಿಯುತ್ತ ಬಂದಿತ್ತು.

ನೆಟ್ ರಿಪೇರಿಯ ಅಂಬರೀಶ್ ಮಧ್ಯಾಹ್ನ ಬಂದ. ಕಂಬದಿಂದ ಇಳಿದ ವೈರನ್ನು ಉದ್ದಕ್ಕೂ ನೋಡಿದ. ಬೀರುವಿನ ಹಿಂದಿದ್ದ ರೂಟರನ್ನು ತೆಗೆದು ಎತ್ತರದಲ್ಲಿಟ್ಟ. ಆಫ್ ಮಾಡಿ ಆನ್ ಮಾಡಿದ. ವೇಗ ಹೆಚ್ಚಲಿಲ್ಲ.

"ಲೈನ್ ಚೆನ್ನಾಗೈತೆ ಅಣ್ಣ. ಒಳಗಡೆನೇ ಏನೋ ಎಳೀತಾ ಐತೆ. ಮನೇಲಿ ಏನೇನ್ ಕನೆಕ್ಟ್ ಆಗೈತೆ?"

"ನನ್ನ ಲ್ಯಾಪ್‌ಟಾಪು, ನಮ್ಮಿಬ್ಬರ ಫೋನು. ಅಪ್ಪ ಜಗಲೀಲಿ ಕೂತು ನಾಟಕ ನೋಡ್ತಿರ್ತಾನೆ. ಅಷ್ಟೇ."

ಜಗಲಿಯಲ್ಲಿ ಚಿಕ್ಕಬೀರಪ್ಪ ಫೋನಿನ ಮೇಲೆ ಬಾಗಿ ಕುಳಿತಿದ್ದರು. ಕಿವಿ ಮಂದ, ಸದ್ದು ಇಟ್ಟುಕೊಳ್ಳುತ್ತಲೇ ಇರಲಿಲ್ಲ. ಸೊಸೆ ಯಶಸ್ವಿನಿ ಪಕ್ಕದಲ್ಲಿಟ್ಟು ಹೋಗಿದ್ದ ಮುದ್ದೆ ಆರಿ ಗಟ್ಟಿಯಾಗಿತ್ತು.

ಅಂಬರೀಶ್ ತನ್ನ ಫೋನಿನಲ್ಲೇ ರೂಟರಿನ ಒಳಹೊಕ್ಕು ನೋಡಿದ. "ಸಿಕ್ತು. ಒಂದು ಕ್ಯಾಮೆರಾ. ಹಗಲೂ ರಾತ್ರಿ ವಿಡಿಯೋ ಕಳಿಸ್ತಾನೇ ಐತೆ. ಯಾರಾದ್ರೂ ನೋಡ್ತಾ ಕೂತಿದ್ರೆ ಮಾತ್ರ ಇಷ್ಟು ಹೋಗೋದು. ಎಲ್ಲೈತಣ್ಣ ಇದು?"

ಉಮಾಶಂಕರ ಹಿಂದಿನ ಕೋಣೆಯತ್ತ ನೋಡಿದ.

ಅದರ ಬಾಗಿಲು ಆಷಾಢದಿಂದ ಮುಚ್ಚಿಯೇ ಇತ್ತು. ಒಳಗೆ ತೊಟ್ಟಿಲು. ಅದರ ಮೇಲೆ, ಗೋಡೆಗೆ ಅವನೇ ಬಿಗಿದಿದ್ದ ಕ್ಯಾಮೆರಾ. ಐದು ತಿಂಗಳ ಮಗ ಅಂಜನ್ ಒಂದು ಮಧ್ಯಾಹ್ನ ಆ ತೊಟ್ಟಿಲಲ್ಲಿ ಮಲಗಿದವನು ಮತ್ತೆ ಏಳಲಿಲ್ಲ. ನಿದ್ದೆಯಲ್ಲೇ ಉಸಿರು ನಿಂತಿದೆ, ಯಾರ ತಪ್ಪೂ ಅಲ್ಲ ಎಂದಿದ್ದರು ಡಾಕ್ಟರು. ಯಶಸ್ವಿನಿ ಆಗ ಬಟ್ಟೆ ಒಗೆಯಲು ಹಿತ್ತಲಿಗೆ ಹೋಗಿದ್ದಳು. "ಮಗೂನ ಒಂಟಿ ಬಿಟ್ಟು ಹೆಂಗೆ ಹೋದೆ?" ಎಂದು ಉಮಾಶಂಕರ ಕೇಳಿದ್ದ. ಅವಳು ಉತ್ತರ ಕೊಟ್ಟಿರಲಿಲ್ಲ. ಅಂದಿನಿಂದ ಗಂಡ ಹೆಂಡತಿಯ ನಡುವೆ ಊಟಕ್ಕೆ ಕರೆಯುವಷ್ಟೇ ಮಾತು.

ಅವನು ಅಡುಗೆಮನೆಗೆ ನಡೆದ.

"ಇನ್ನೂ ಅದನ್ನೇ ನೋಡ್ತಾ ಕೂತಿರ್ತೀಯಾ?"

"ಯಾವುದನ್ನ?"

"ಕ್ಯಾಮೆರಾನ. ಖಾಲಿ ತೊಟ್ಲಲ್ಲಿ ಏನ್ ಹುಡುಕ್ತೀಯಾ ಯಶು?"

ಪಾತ್ರೆ ಉಜ್ಜುತ್ತಿದ್ದ ಅವಳ ಕೈ ನಿಂತಿತು. "ನಾನು ಆವತ್ತೇ ನನ್ನ ಫೋನಿಂದ ಆ ಆ್ಯಪ್ ತೆಗೆದುಹಾಕಿದೆ ರೀ. ಅದನ್ನ ನೋಡೋ ಶಕ್ತಿ ನಂಗೆಲ್ಲಿದೆ?" ಒದ್ದೆ ಕೈಯಲ್ಲೇ ಫೋನನ್ನು ಚಾಚಿದಳು.

ಅವನು ತೆಗೆದುಕೊಳ್ಳಲಿಲ್ಲ. ನಂಬಲೂ ಇಲ್ಲ. ನೇರ ಹೋಗಿ ಹಿಂದಿನ ಕೋಣೆಯ ಚಿಲಕ ತೆಗೆದ. ಮಗುವಿನ ಪೌಡರಿನ ವಾಸನೆ ಇನ್ನೂ ಹೋಗಿರಲಿಲ್ಲ. ತೊಟ್ಟಿಲಿನತ್ತ ನೋಡದೆ ಕೈ ಮೇಲೆತ್ತಿ ಕ್ಯಾಮೆರಾದ ವೈರನ್ನು ಕಿತ್ತ. ಅದರ ಹಸಿರು ದೀಪ ಆರಿತು.

"ಆಯ್ತು ನೋಡಣ್ಣ! ಈಗ ಓಡ್ತಾ ಐತೆ," ಅಂಬರೀಶ್ ನಡುಮನೆಯಿಂದ ಕೂಗಿದ.

ಅವನ ಮಾತು ಮುಗಿಯುವ ಮೊದಲೇ ಜಗಲಿಯಿಂದ ಚೀರಾಟ ಕೇಳಿಸಿತು.

ಕೈ ಆಸರೆಯಿಲ್ಲದೆ ಏಳಲಾರದ ಚಿಕ್ಕಬೀರಪ್ಪ ಬಾಗಿಲ ದಾರಂದಕ್ಕೆ ಭುಜ ಬಡಿಸಿಕೊಂಡು ಒಳಗೆ ಓಡಿ ಬಂದರು. ಚಾಚಿದ ಕೈಯಲ್ಲಿದ್ದ ಫೋನಿನ ಪರದೆ ಕಪ್ಪಾಗಿತ್ತು.

"ಉಮಾ, ತೊಟ್ಲು ಕಾಣ್ತಿಲ್ಲ ಕಣೋ! ತೊಟ್ಲು ಕಾಣ್ತಿಲ್ಲ!"

ಮಗು ಹುಟ್ಟಿದ ವಾರದಲ್ಲಿ ಅಪ್ಪನ ಫೋನಿಗೂ ಕ್ಯಾಮೆರಾದ ಆ್ಯಪ್ ಹಾಕಿಕೊಟ್ಟವನು ತಾನೇ ಎಂಬುದು ಉಮಾಶಂಕರನಿಗೆ ಈಗ ನೆನಪಾಯಿತು. ಅವನು ಹಿಂದೆಯೇ ಬಂದಿದ್ದ ಹೆಂಡತಿಯ ಕಡೆ ತಿರುಗಿದ. ಅವಳು ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದಳು.

"ಒಂಟಿ ಬಿಟ್ಟು ಹೋಗಿರ್ಲಿಲ್ಲ ರೀ," ಎಂದಳು ಮೆಲ್ಲಗೆ. "ಫೋನಲ್ಲಿ ನೋಡ್ತಿರಿ ಅಂತ ಮಾವಂಗೆ ಹೇಳಿ ಹೋಗಿದ್ದೆ. ವಾಪಸ್ ಬಂದಾಗ ಅವರು ತೂಕಡಿಸ್ತಿದ್ರು. ನಿಮಗೆ ಹೆಂಗೆ ಹೇಳ್ಲಿ?"

ಚಿಕ್ಕಬೀರಪ್ಪನವರಿಗೆ ಆ ಮಾತು ಕೇಳಿಸಲಿಲ್ಲ. ಅವರು ಸೊಸೆಯ ಮುಂದೆ ಕುಕ್ಕರಿಸಿ, ಕೆಂಪಡರಿದ ಕಣ್ಣುಗಳನ್ನು ಬೆರಳಿನಿಂದ ಅಗಲಿಸಿ ತೋರಿಸಿದರು.

"ಇವತ್ತು ನಾನು ಮಲಗಿಲ್ಲ ತಾಯಿ. ನಿನ್ನಾಣೆ, ಒಂದ್ ಗಳಿಗೆನೂ ಕಣ್ಣು ಮುಚ್ಚಿಲ್ಲ."