ಎಂಟೂವರೆಯ ಫೋನು

ತಾಲ್ಲೂಕು ಕಚೇರಿಯ ಹಿತ್ತಲಿನಲ್ಲಿದ್ದ ಮಳೆಮಾಪಕವನ್ನು ದಿನಾ ಬೆಳಿಗ್ಗೆ ಎಂಟೂವರೆಗೆ ನೋಡುವುದು ಈರಸಂಗಪ್ಪನ ಕೆಲಸ. ಇಪ್ಪತ್ತಾರು ವರ್ಷಗಳಿಂದ ಅದೊಂದನ್ನೇ ಮಾಡುತ್ತಿದ್ದ. ಮಳೆ ಅಪರೂಪವಾದ ಊರು. ವರ್ಷದ ಬಹುಪಾಲು ದಿನ ಅಳೆಯುವುದಕ್ಕೇ ಏನೂ ಇರುತ್ತಿರಲಿಲ್ಲ. ಆದರೂ ಜಿಲ್ಲಾ ಕಚೇರಿಯ ಹುದ್ದಾರ ಸಾಹೇಬರಿಗೆ ಮೊಬೈಲಿನಲ್ಲಿ "ಇವತ್ತೂ ಸೊನ್ನಿ ರೀ" ಎಂದು ಹೇಳಿದಾಗ ಅವನಿಗೆ ಹೊಟ್ಟೆ ತುಂಬಿದಷ್ಟು ಸಮಾಧಾನವಾಗುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಅವನ ಮಾತಿಗಾಗಿ ಕಾಯುವವರು ಅವರೊಬ್ಬರೇ. ಅವರ ಮುಖವನ್ನು ಮಾತ್ರ ಅವನು ಒಮ್ಮೆಯೂ ನೋಡಿರಲಿಲ್ಲ.

ಒಂದು ಮುಂಜಾನೆ, ಹಿತ್ತಲಿನ ಕಂಬದ ಮೇಲಿದ್ದ, ತಾನಾಗಿಯೇ ಮಳೆ ಅಳೆಯುವ ಯಂತ್ರದ ರಿಪೇರಿಗೆ ಬಂದ ಎಂಜಿನಿಯರ್ ಅವನನ್ನು ನೋಡಿ ನಕ್ಕ.

"ಇನ್ನೂ ಅಳೀತೀರೇನ್ರಿ? ಮೂರು ವರ್ಷದಿಂದ ಈ ಯಂತ್ರನೇ ಲೆಕ್ಕ ಕಳಸ್ತೈತಿ. ಜಿಲ್ಲಾ ಕಚೇರ್ಯಾಗ ನಿಮ್ಮ ಲೆಕ್ಕ ಬರಕೊಳ್ಳೋರು ಯಾರೂ ಇಲ್ಲ."

ಈರಸಂಗಪ್ಪ ಅಲ್ಲಿಯೇ ನಿಂತು ಫೋನು ಹಚ್ಚಿದ.

"ಸಾಹೇಬ್ರ, ನನ್ನ ಲೆಕ್ಕ ಯಾರಿಗೂ ಬ್ಯಾಡಂತ. ಖರೇನ್ರಿ?"

ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು. ಹುದ್ದಾರ ಸಾಹೇಬರು ಒಲೆ ಆರಿಸಿದ ಸದ್ದು ಬಂತು.

"ನಾ ರಿಟೈರ್ ಆಗಿ ಮೂರು ವರ್ಷ ಆತು, ಈರಸಂಗಪ್ಪ," ಎಂದರು. "ಇವತ್ತಿಂದು ಹೇಳ್ರಿ, ಬರಕೊಂತೀನಿ."