ನೀಲವ್ವನ ಹೆಸರು

ನಮ್ಮೂರ ಗಾಜಿನ ಕೋಟೆಯ ಹೊರಗೆ ಉಸಿರಾಡಲು ಗಾಳಿಯಿಲ್ಲ. ಮನೆತನಗಳ ವಂಶಾವಳಿ ಹೇಳುವ ಹೆಳವನಾದ ನಾನು ಯಾವ ಹಿರಿಯರ ಹೆಸರು ಹಾಡುತ್ತೇನೋ, ಅವರ ರಕ್ತದವರಿಗಷ್ಟೇ ಬಾಗಿಲು ತೆರೆಯುತ್ತದೆ. ಗಾಳಿಚೀಲ ಕಟ್ಟಿಕೊಂಡು ಹೋಗಿ, ಸತ್ತ ಗೌಡರನ್ನು ಹೊರಗೆ ಹೂತು ಬಾಗಿಲಿಗೆ ಮರಳಿದಾಗ ಅವರ ತಮ್ಮನ ಮಗ ಭರಮಣ್ಣ ನನ್ನ ಕೊರಳಪಟ್ಟಿ ಹಿಡಿದ.

“ಏ ಹೆಳವಾ, ಗೌಡಕಿಗೆ ಶಾವಂತ್ರೆವ್ವನೂ ನಿಂತಾಳ. ಆಕಿ ಅಜ್ಜಿ ನೀಲವ್ವನ ಹೆಸರು ಬಿಟ್ಟು ಹಾಡು. ಹೊರಗ ಸಾಯ್ಲಿ.”

“ಬ್ಯಾಡಪ್ಪಾ, ನಿನಗೂ...”

“ಹಾಡ್ತೀಯೋ, ನಿನ್ನ ಗಾಳಿಚೀಲ ಹರೀಲೋ?”

ಹಾಡಿದೆ. ಊರವರೆಲ್ಲ ಒಳಹೋದರು. ಶಾವಂತ್ರೆವ್ವನನ್ನು ಬಾಗಿಲು ಒಳಬಿಡಲಿಲ್ಲ. ಭರಮಣ್ಣ ನಗುತ್ತ ಕಾಲಿಟ್ಟ. ಅವನ ಮುಖದ ಮೇಲೂ ಮುಚ್ಚಿಕೊಂಡಿತು.

“ನಿಮ್ಮಪ್ಪನ್ನ ಹೆತ್ತಾಕಿ ನೀಲವ್ವ. ನಿಮ್ಮ ಮನಿಗೆ ದತ್ತು ಕೊಟ್ಟಿದ್ಲು,” ಎಂದೆ.

ಅವನ ಚೀಲ ಸೊರಗುತ್ತಿತ್ತು. “ಆಕಿ ಹೆಸರು ಹಾಡೋ, ಲಗೂನ!”

ನಾನು ಬಾಯಿ ತೆರೆದೆ. ಶಾವಂತ್ರೆವ್ವ ಕೈ ಅಡ್ಡ ಹಿಡಿದಳು. ಅವಳ ಚೀಲವೂ ಸೊರಗುತ್ತಿತ್ತು.

“ತಡಿ ಕಾಕಾ. ಮೊದಲ ಇವ ಆಕಿಗೆ ಅಜ್ಜಿ ಅನ್ಲಿ.”