ಒದ್ದೆ ಬ್ರಶ್ಶುಗಳು

ಮದುಮಗಳಿಗೆ ಮೇಕಪ್ ಮಾಡಲು ಬಂದವಳು ಒಳಗೆ ಕಾಲಿಟ್ಟ ಕೂಡಲೇ ಹೊರಗಿನಿಂದ ಚಿಲಕ ಬಿತ್ತು. ಆ ಕೋಣೆಗೆ ಕಿಟಕಿಯೂ ಇರಲಿಲ್ಲ.

ಚಾಪೆಯ ಮೇಲೆ ಮುದುಡಿ ಕೂತ ಮದುಮಗಳ ಮುಖವನ್ನು ಅವಳು ಒಮ್ಮೆ ನೋಡಿದಳು. ಮೊಬೈಲಿನಲ್ಲಿ ಏನೋ ಟೈಪ್ ಮಾಡಿದಳು. ಆಮೇಲೆ ಬ್ರಶ್ಶುಗಳನ್ನೆಲ್ಲ ಚೊಂಬಿನ ನೀರಿನಲ್ಲಿ ತೊಳೆದಳು.

"ಇವನ್ನ ಒಣಗಿಸ್ಬೇಕು," ಎನ್ನುತ್ತ ಗೋಡೆಯ ಮೊಳೆಯಿಂದ ಹಳೆಯ ಹ್ಯಾಂಗರ್ ತೆಗೆದಳು. "ಕಟ್ಟೋಕೆ ಏನಾದ್ರೂ ಇದೆಯಾ ಪುಟ್ಟಿ?"

ಹುಡುಗಿ ಮೂಲೆಯಲ್ಲಿದ್ದ ಚೀಲ ತಡಕಿ ಎರಡು ಕೆಂಪು ರಿಬ್ಬನ್ ಕೊಟ್ಟಳು. "ಕತ್ತರಿಸ್ಬೇಡಿ ಅಕ್ಕಾ. ಸೋಮವಾರ ಸ್ಕೂಲಿಗೆ ಬೇಕು."

ಅವಳು ಕತ್ತರಿಸಲಿಲ್ಲ. ರಿಬ್ಬನ್ನನ್ನು ಹ್ಯಾಂಗರಿಗೆ ಸುತ್ತುತ್ತ, ಒಂದೊಂದು ಸುತ್ತಿಗೂ ಒಂದೊಂದು ಬ್ರಶ್ ಸಿಕ್ಕಿಸಿ ತಲೆಕೆಳಗಾಗಿ ನೇತುಬಿಟ್ಟಳು.

"ಫ್ಯಾನ್ ಹಾಕ್ಲಾ ಅಕ್ಕಾ? ಬೇಗ ಒಣಗುತ್ತೆ."

"ಬೇಡ. ಧೂಳು ಕೂರುತ್ತೆ."

ಬಾಗಿಲು ದಬದಬ ಬಡಿದ ಸದ್ದಾಯಿತು. ಹುಡುಗಿಯ ದೊಡ್ಡಪ್ಪ. "ಇನ್ನೂ ಎಷ್ಟೊತ್ತಮ್ಮಾ? ಮುಹೂರ್ತ ಮೀರ್ತಾ ಇದೆ!"

"ಬ್ರಶ್ ಒದ್ದೆ ಇದೆ ಯಜಮಾನ್ರೇ. ಹಂಗೇ ಹಚ್ಚಿದ್ರೆ ಮುಖವೆಲ್ಲ ತೇಪೆ ತೇಪೆ ಆಗುತ್ತೆ, ಫೋಟೋ ಕೆಡುತ್ತೆ."

ಅವನು ಗೊಣಗುತ್ತ ಹೋದ. ಮತ್ತೆ ಬಂದ, ಮತ್ತೆ ಬಡಿದ. ಈ ಸಲ ಚಿಲಕಕ್ಕೇ ಕೈ ಹಾಕಿದ.

ಹುಡುಗಿ ಹೆದರಿ ಒಂದು ಬ್ರಶ್ ತೆಗೆದು ಕೆನ್ನೆಗೆ ಮುಟ್ಟಿಸಿಕೊಂಡಳು. "ಇದು ಒಣಗಿದೆ ಅಕ್ಕಾ. ಶುರು ಮಾಡ್ಬಿಡಿ, ಇಲ್ದಿದ್ರೆ ಹೊಡೀತಾರೆ."

ಅವಳು ಅದನ್ನು ಕಿತ್ತುಕೊಂಡು ಮತ್ತೆ ಚೊಂಬಿಗೆ ಅದ್ದಿ, ಹುಡುಗಿಯ ಕಿವಿಯಲ್ಲಿ ಹೇಳಿದಳು:

"ನಾನು ಕರೆಸಿರೋ ಪೊಲೀಸರು ಬರೋವರೆಗೂ ಇವು ಒಣಗಲ್ಲ, ಪುಟ್ಟಿ."